ಮ್ಯೂನಿಕ್‌ನಲ್ಲಿರುವವರೇ, ಕೆಲಸದ ದಿನ ರಾತ್ರಿ ಊಟಕ್ಕೆ ಏನು ಮಾಡುತ್ತೀರಿ?

ಚನ್ನಪಟ್ಟಣದ ಸೊಸೆ
ಎಲ್ಲರಿಗೂ ನಮಸ್ಕಾರ. ನಾವು ಇಲ್ಲಿಗೆ ಬಂದು ಒಂದು ಚಳಿಗಾಲ ಕಳೆಯಿತು. ಇಬ್ಬರೂ ಕೆಲಸಕ್ಕೆ ಹೋಗುತ್ತೇವೆ, ಮಗಳು ಕಿಂಡರ್‌ಗಾರ್ಟನ್‌ಗೆ. ಅವಳನ್ನು ಕರೆದುಕೊಂಡು ಮನೆ ಸೇರುವಾಗ ಸಂಜೆ ಐದೂವರೆ. ಅಲ್ಲಿಂದ ಶುರು ನನ್ನ ತಲೆನೋವು.

ಇಲ್ಲಿಯವರು ರಾತ್ರಿ ಒಲೆ ಹಚ್ಚುವುದೇ ಕಡಿಮೆ. ಬ್ರೆಡ್ಡು, ಬೆಣ್ಣೆ, ಚೀಸು, ನಾಲ್ಕು ಹೋಳು ಸೌತೆಕಾಯಿ, ಮುಗಿಯಿತು. ಮಗಳಿಗೂ ಅದೇ ರೂಢಿಯಾಗುತ್ತಿದೆ. ನಮ್ಮ ಯಜಮಾನರಿಗೆ ಅನ್ನ ಸಾರು ಇಲ್ಲದಿದ್ದರೆ ಊಟ ಮಾಡಿದ ಹಾಗೇ ಅನಿಸುವುದಿಲ್ಲ. ಅಡುಗೆಗೆ ಅವರೂ ಕೈ ಹಾಕುತ್ತಾರೆ, ಆ ಮಾತು ಬೇರೆ. ಆದರೂ ಬೇಳೆ ಬೆಂದು, ತರಕಾರಿ ಹೆಚ್ಚಿ, ಒಗ್ಗರಣೆ ಬೀಳುವಷ್ಟರಲ್ಲಿ ಮಗು ನಿದ್ದೆಗಣ್ಣಲ್ಲಿ ಕೂತಿರುತ್ತದೆ.

ಮೂರು ತೊಂದರೆ ಹೇಳುತ್ತೇನೆ. ತೊಗರಿಬೇಳೆ ಊರಿನ ಹಾಗೆ ಕರಗುವುದಿಲ್ಲ, ಕುಕ್ಕರ್ ಎಷ್ಟು ಕೂಗಿದರೂ ಕಾಳು ಕಾಳಾಗಿ ನಿಲ್ಲುತ್ತದೆ. ದೋಸೆ ಹಿಟ್ಟು ಉಬ್ಬುವುದಿಲ್ಲ. ಸೊಪ್ಪು ಅಂದರೆ ಬರೀ ಪಾಲಕ್. ವಾರದ ದಿನಗಳಲ್ಲಿ ನಿಮ್ಮ ಮನೆಯಲ್ಲಿ ನಿಜವಾಗಿ ಏನು ಮಾಡುತ್ತೀರಿ? ಹಬ್ಬದ ಅಡುಗೆ ಬೇಡ, ಮಂಗಳವಾರದ ಅಡುಗೆ ಹೇಳಿ.

ಗಾಂಧಿಬಜಾರ್ ಹುಡುಗ
ಮಂಗಳವಾರ: ಮೊಸರನ್ನ, ಉಪ್ಪಿನಕಾಯಿ. ಬುಧವಾರ: ಅದೇ.

ರೈನ್ ದಂಡೆ
ನಾನು ಕಲೋನ್‌ನಲ್ಲಿ ಬಹಳ ವರ್ಷದಿಂದ ಇದ್ದೇನೆ. ನೇರವಾಗಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ರಾತ್ರಿ ಬ್ರೆಡ್ ತಿನ್ನುವುದನ್ನು ಕಲಿತುಬಿಡಿ. ಇಲ್ಲಿ ಆಫೀಸು, ಶಾಲೆ ಎಲ್ಲ ಕಡೆ ಮಧ್ಯಾಹ್ನವೇ ಬಿಸಿ ಊಟ ಮುಗಿದಿರುತ್ತದೆ. ಅದರ ಮೇಲೆ ರಾತ್ರಿ ಇನ್ನೊಂದು ಬಿಸಿ ಅಡುಗೆ ಯಾಕೆ? ಒಳ್ಳೆಯ ಬೇಕರಿಯ ರೈ ಬ್ರೆಡ್ಡನ್ನು ದಪ್ಪ ಹೋಳು ಮಾಡಿ ಬೆಣ್ಣೆ ಹಚ್ಚಿ ತಿಂದು ನೋಡಿ. ನಮ್ಮೂರಿನ ಮೆತ್ತನೆ ಬ್ರೆಡ್ಡಿಗೂ ಇದಕ್ಕೂ ಸಂಬಂಧವೇ ಇಲ್ಲ. ಬಂದ ನಾಡಿನ ಊಟ ಒಗ್ಗದಿದ್ದರೆ ಆ ನಾಡೂ ಒಗ್ಗುವುದಿಲ್ಲ.

ತೀರ್ಥಹಳ್ಳಿ ಮಳೆ
ರೈನ್ ದಂಡೆಯವರೇ, ಬ್ರೆಡ್ ಚೆನ್ನಾಗಿದೆ, ಒಪ್ಪಿದೆ. ಆದರೆ ಜನವರಿಯಲ್ಲಿ ನಾಲ್ಕೂವರೆಗೆಲ್ಲ ಕತ್ತಲು, ಹೊರಗೆ ಹಿಮ. ಮನೆಗೆ ಬಂದವರಿಗೆ ತಣ್ಣಗಿನ ಬ್ರೆಡ್ ಕೊಟ್ಟರೆ ಹೊಟ್ಟೆ ತುಂಬಬಹುದು, ಸಮಾಧಾನ ಆಗುವುದಿಲ್ಲ. ಒಂದು ಲೋಟ ಮೆಣಸಿನ ಸಾರು ಕುಡಿದರೆ ಆಗುವ ಸಮಾಧಾನವೇ ಬೇರೆ. ಇದು ಹಠ ಅಲ್ಲ, ದೇಹ ಕೇಳುತ್ತದೆ.

ರೈನ್ ದಂಡೆ
ದೇಹ ಕೇಳುವುದು ಅಭ್ಯಾಸದಿಂದ. ಅಭ್ಯಾಸ ಬದಲಾಯಿಸಬಹುದು.

ತೀರ್ಥಹಳ್ಳಿ ಮಳೆ
ಬದಲಾಯಿಸಬಹುದು. ಬದಲಾಯಿಸಲೇಬೇಕು ಅಂತ ಯಾರು ಹೇಳಿದ್ದು?

ನೀರುಗಂಟಿ
ಬೇಳೆಯ ವಿಷಯಕ್ಕೆ ಬರುತ್ತೇನೆ, ನನ್ನ ಕೆಲಸವೇ ನೀರಿನದ್ದು. ನಿಮ್ಮ ಕುಕ್ಕರ್ ಸರಿ ಇದೆ, ತೊಂದರೆ ಇರುವುದು ನಲ್ಲಿ ನೀರಿನಲ್ಲಿ. ಮ್ಯೂನಿಕ್‌ಗೆ ನೀರು ಬರುವುದು ಬಹುಪಾಲು ಮಾಂಗ್‌ಫಾಲ್ ಕಣಿವೆಯಿಂದ, ಆಲ್ಪ್ಸ್ ತಪ್ಪಲಿನ ಸುಣ್ಣದ ಕಲ್ಲಿನ ನೆಲ ಅದು. ಕುಡಿಯಲು ಬಹಳ ಒಳ್ಳೆಯ ನೀರು, ಆದರೆ ಗಡಸು. ಇಲ್ಲಿ ನೀರಿನ ಗಡಸುತನವನ್ನು ಡಿಗ್ರಿಯಲ್ಲಿ ಹೇಳುತ್ತಾರೆ. 14 ಡಿಗ್ರಿ ದಾಟಿದರೆ ಗಡಸು ನೀರು. ಮ್ಯೂನಿಕ್ ಆ ಗುಂಪಿಗೇ ಸೇರುತ್ತದೆ. ನಿಮ್ಮ ಕೆಟಲ್ ತಳದಲ್ಲಿ ಬಿಳಿ ಪೊರೆ ಕಟ್ಟಿರಬೇಕು, ನೋಡಿ.

ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಬೇಳೆಯ ಪೆಕ್ಟಿನ್ ಜೊತೆ ಸೇರಿ ಅದನ್ನು ಗಟ್ಟಿ ಮಾಡುತ್ತವೆ. ಜಗ್ಗಿನಂಥ ಫಿಲ್ಟರ್ ಸಿಗುತ್ತದಲ್ಲ, ಅದರ ನೀರಿನಲ್ಲಿ ಬೇಳೆಯನ್ನು ಒಂದು ಗಂಟೆ ನೆನೆಸಿ, ಅದೇ ಫಿಲ್ಟರ್ ನೀರಿನಲ್ಲೇ ಬೇಯಿಸಿ. ಹುಣಸೆಹಣ್ಣು, ಟೊಮೆಟೊ ಬೆಂದ ಮೇಲೆಯೇ ಹಾಕಿ. ಹುಳಿ ಮೊದಲೇ ಬಿದ್ದರೂ ಬೇಳೆ ಬೇಯುವುದಿಲ್ಲ. ಜೊತೆಗೆ ಅಂಗಡಿಯಲ್ಲಿ ವರ್ಷಗಟ್ಟಲೆ ಕೂತ ಬೇಳೆಯಾದರೆ ಇನ್ನೂ ಕಷ್ಟ. ಪೊಟ್ಟಣದ ಮೇಲಿನ ತಾರೀಕು ನೋಡಿ ತನ್ನಿ.

ಅಜ್ಜಂಪುರ
ಚಿಟಿಕೆ ಅಡುಗೆ ಸೋಡಾ ಹಾಕಿದರೆ ಆಯಿತಲ್ಲ, ಇಷ್ಟೆಲ್ಲ ಯಾಕೆ?

ನೀರುಗಂಟಿ
ಬೇಯುತ್ತದೆ, ನಿಜ. ಆದರೆ ಸೋಡಾ ಹಾಕಿದರೆ ಬಿ1 ವಿಟಮಿನ್ ಹೋಗುತ್ತದೆ, ಸಾರಿಗೆ ಸೋಪಿನ ವಾಸನೆಯೂ ಬರುತ್ತದೆ. ದಿನಾ ಮಗುವಿಗೆ ಕೊಡುವ ಬೇಳೆಗೆ ನಾನು ಹಾಕುವುದಿಲ್ಲ.

ಶಿರಸಿ ಕಡೆಯವಳು
ಸೊಪ್ಪು ಬರೀ ಪಾಲಕ್ ಅಂದಿರಲ್ಲ ಅಕ್ಕ, ಅದನ್ನು ಮಾತ್ರ ಒಪ್ಪಲಾರೆ! ಇಲ್ಲಿ ಡಿಲ್ ಅಂತ ಕಟ್ಟು ಕಟ್ಟು ಮಾರುವುದು ನಮ್ಮ ಸಬ್ಬಸಿಗೆ ಸೊಪ್ಪೇ. ಇಲ್ಲಿಯವರು ಮೀನಿಗೆ, ಸೌತೆಕಾಯಿ ಸಲಾಡಿಗೆ ಉದುರಿಸಿ ಸುಮ್ಮನಾಗುತ್ತಾರೆ. ನಾವು ಅಕ್ಕಿರೊಟ್ಟಿಗೆ ಹಾಕೋಣ, ಬೇಳೆ ಹಾಕಿ ಪಲ್ಯ ಮಾಡೋಣ.

ಇನ್ನು ಕೊಲ್ರಾಬಿ ಅಂದರೆ ನವಿಲುಕೋಸು. ಅದಂತೂ ಇಲ್ಲಿಯದೇ ಬೆಳೆ, ನಮ್ಮೂರಿಗಿಂತ ಎಳೆಯದು ಸಿಗುತ್ತದೆ. ಸೂಪರ್ ಮಾರ್ಕೆಟ್‌ನಲ್ಲಿ ನೋಡಿ, ಜನ ಗೆಡ್ಡೆ ತೆಗೆದುಕೊಂಡು ಎಲೆಯನ್ನು ತಿರುವಿ ಕಿತ್ತು ಪಕ್ಕದ ಡಬ್ಬದಲ್ಲಿ ಎಸೆದು ಹೋಗುತ್ತಾರೆ. ಆ ಎಲೆಯಲ್ಲಿ ಎಂಥಾ ಪಲ್ಯ ಆಗುತ್ತದೆ ಗೊತ್ತಾ! ದಪ್ಪ ನಾರು ತೆಗೆದು ಸಣ್ಣಗೆ ಹೆಚ್ಚಿ, ಸಾಸಿವೆ ಬ್ಯಾಡಗಿ ಮೆಣಸಿನ ಒಗ್ಗರಣೆಯಲ್ಲಿ ಬಾಡಿಸಿ, ಕಾಯಿತುರಿ ಹಾಕಿ. ನಾನು ಎಲೆ ಚೆನ್ನಾಗಿರುವ ಗೆಡ್ಡೆಯನ್ನೇ ಆರಿಸಿ ತರುತ್ತೇನೆ.

ಬೇಸಗೆಯಲ್ಲಿ ಮಂಗೋಲ್ಡ್ ಬರುತ್ತದೆ. ಬೀಟ್‌ರೂಟ್ ಸೊಪ್ಪಿನ ಜಾತಿಯೇ. ಅದರಲ್ಲಿ ಸಾಸಿವೆ, ತಂಬುಳಿ ಎರಡೂ ಆಗುತ್ತದೆ.

ಮಂಡ್ಯ ಮುದ್ದೆ
ಮಂಗೋಲ್ಡ್‌ನಲ್ಲಿ ಬಸ್ಸಾರು ಸೂಪರ್. ಬಸಿದ ನೀರಿಗೆ ಒಳ್ಳೆ ಬಣ್ಣ ಬರುತ್ತದೆ. ಜೊತೆಗೆ ಅಲಸಂದೆ ಕಾಳು ಹಾಕಿ. ಟರ್ಕಿಯವರ ಅಂಗಡಿಯಲ್ಲಿ ಕಡಿಮೆ ಬೆಲೆಗೆ ಸಿಗುತ್ತದೆ.

ಚನ್ನಪಟ್ಟಣದ ಸೊಸೆ
ಶಿರಸಿಯವರೇ, ಆ ಎಲೆ ಡಬ್ಬ ಪ್ರತಿ ವಾರ ಕಣ್ಣಿಗೆ ಬೀಳುತ್ತದೆ! ಮಂಡ್ಯದವರೇ, ಈ ಗಾಜಿನ ಒಲೆ ಮೇಲೆ ಮುದ್ದೆ ಹೇಗೆ ತೊಳೆಸುತ್ತೀರಿ? ಪಾತ್ರೆ ಜಾರುತ್ತದೆ. ಕೋಲು ಹಿಡಿದು ಒತ್ತಲು ಭಯ, ಗಾಜು ಒಡೆದರೆ ಮನೆ ಮಾಲೀಕರಿಗೆ ದುಡ್ಡು ಕಟ್ಟಬೇಕು.

ಮಂಡ್ಯ ಮುದ್ದೆ
ಒಲೆ ಮೇಲೆ ತೊಳೆಸಲೇಬೇಡಿ ಅಕ್ಕ. ದಪ್ಪ ತಳದ, ಉದ್ದ ಹಿಡಿಯ ಪಾತ್ರೆ ಇಟ್ಟುಕೊಳ್ಳಿ. ಎರಡು ಲೋಟ ನೀರು ಮರಳಲಿ, ಚೂರು ಉಪ್ಪು, ಒಂದು ಚಮಚ ಹಿಟ್ಟನ್ನು ತಣ್ಣೀರಲ್ಲಿ ಕದಡಿ ಬಿಡಿ. ಅಂಬಲಿ ಹಾಗೆ ಕುದಿ ಬಂದ ಮೇಲೆ ಒಂದು ಲೋಟ ರಾಗಿ ಹಿಟ್ಟು ಗುಡ್ಡೆ ಹಾಕಿ, ಕೆದಕಬೇಡಿ. ಉರಿ ಸಣ್ಣ ಮಾಡಿ ಐದಾರು ನಿಮಿಷ ಬೇಯಲಿ. ಆಮೇಲೆ ಪಾತ್ರೆ ಕೆಳಗಿಳಿಸಿ, ನೆಲದ ಮೇಲೆ ಒದ್ದೆ ಟವಲ್ ಮಡಿಸಿ ಹಾಕಿ, ಅದರ ಮೇಲಿಟ್ಟು ಕೂತು ತೊಳೆಸಿ. ಟವಲ್ ಪಾತ್ರೆಯನ್ನು ಹಿಡಿದುಕೊಳ್ಳುತ್ತದೆ. ಗಂಟು ಒಡೆದ ಮೇಲೆ ಮುಚ್ಚಳ ಮುಚ್ಚಿ ಮತ್ತೆ ಎರಡು ನಿಮಿಷ ಒಲೆ ಮೇಲೆ. ಒದ್ದೆ ಕೈಯಲ್ಲಿ ಕಟ್ಟಿ.

ಅಕ್ಕಿ ಅನ್ನಕ್ಕಿಂತ ಬೇಗ ಆಗುತ್ತದೆ. ಅದಕ್ಕೇ ನಮ್ಮನೆ ಮಂಗಳವಾರ ಮುದ್ದೆ.

ಗಾಂಧಿಬಜಾರ್ ಹುಡುಗ
ಓದುತ್ತಾ ಹಸಿವಾಯಿತು.

ಕಡಬದ ಕಾಯಿತುರಿ
ದೋಸೆ ಹಿಟ್ಟಿಗೆ: ಓವನ್ ಬಿಸಿ ಮಾಡಬೇಡಿ, ಒಳಗಿನ ದೀಪ ಮಾತ್ರ ಹಾಕಿ ಪಾತ್ರೆ ಇಟ್ಟುಬಿಡಿ. ರಾತ್ರಿ ಇಟ್ಟರೆ ಬೆಳಗ್ಗೆ ಎದ್ದಿರುತ್ತದೆ. ಅಯೋಡಿನ್ ಇಲ್ಲದ ಉಪ್ಪು ಹಾಕಿ.

ಸೂಕ್ಷ್ಮಾಣು
ದೀಪದ ಉಪಾಯ ಸರಿ. ಅಯೋಡಿನ್ ಮಾತು ಎಲ್ಲರೂ ಹೇಳುತ್ತಾರೆ, ಅದಕ್ಕೆ ಅಷ್ಟು ಮಹತ್ವ ಬೇಡ. ಇಡ್ಲಿ ಹಿಟ್ಟನ್ನು ಮುಖ್ಯವಾಗಿ ಉಬ್ಬಿಸುವುದು ಲ್ಯೂಕೊನೊಸ್ಟಾಕ್ ಎಂಬ ಬ್ಯಾಕ್ಟೀರಿಯಾ. ಅದಕ್ಕೆ 28ರಿಂದ 30 ಡಿಗ್ರಿ ಬೆಚ್ಚಗಿದ್ದರೆ ಸಾಕು. ನಿಮ್ಮ ಅಡುಗೆಮನೆ ಚಳಿಗಾಲದಲ್ಲಿ 19 ಡಿಗ್ರಿ ಇದ್ದರೆ ಯಾವ ಉಪ್ಪು ಹಾಕಿದರೂ ಅದು ನಿಧಾನವೇ. ಉದ್ದಿನಬೇಳೆ ಬದಲು ಸಿಪ್ಪೆ ತೆಗೆದ ಇಡೀ ಉದ್ದು ತನ್ನಿ. ಚೆನ್ನಾಗಿ ನುರಿಯುತ್ತದೆ, ಹಿಟ್ಟಿನಲ್ಲಿ ಗಾಳಿ ನಿಲ್ಲುತ್ತದೆ.

ಕಡಬದ ಕಾಯಿತುರಿ
ಉಪ್ಪು ಬದಲಾಯಿಸಿದ ಮೇಲೆ ನಮ್ಮನೆಯಲ್ಲಿ ಸರಿ ಹೋಗಿದೆ. ನಾನಂತೂ ಬಿಡುವುದಿಲ್ಲ.

ಸೂಕ್ಷ್ಮಾಣು
ಬಿಡಬೇಡಿ. ಹೇಗೂ ಉಬ್ಬುತ್ತಿದೆಯಲ್ಲ, ಅಷ್ಟು ಸಾಕು.

ಓಕ್ ಟ್ರೀ ರೋಡ್
ನ್ಯೂಜೆರ್ಸಿಯಿಂದ ಒಂದು ಮಾತು. ನಿಮಗೆ ಊರಿನ ಮಿಕ್ಸಿಯಾದರೂ ನಡೆಯುತ್ತದೆ. ಇಲ್ಲಿ ಕರೆಂಟ್ 120 ವೋಲ್ಟ್, ಊರಿಂದ ತಂದ ಮಿಕ್ಸಿ ಸುಮ್ನೆ ಭಾರ. ಇಲ್ಲಿಗೆಂದೇ ಮಾಡಿದ ಗ್ರೈಂಡರ್ ಕೊಳ್ಳಬೇಕು. ಆದರೆ ಎಡಿಸನ್ ಕಡೆ ಅಂಗಡಿಗಳಲ್ಲಿ ಸಾಮಾನಿಗೆ ಮಾತ್ರ ಬರ ಇಲ್ಲ.

ಗಾಂಧಿಬಜಾರ್ ಹುಡುಗ
ಹೌದು, ಜರ್ಮನಿಯಲ್ಲಿ 230 ವೋಲ್ಟ್. ಮೂರು ಪಿನ್ನಿಗೆ ಒಂದು ಅಡಾಪ್ಟರ್ ಹಾಕಿದರೆ ಆಯಿತು. ರಾತ್ರಿ ಹತ್ತರ ಮೇಲೆ ಮಾತ್ರ ಮಿಕ್ಸಿ ಹಾಕಬೇಡಿ. ಭಾನುವಾರ ಇಡೀ ದಿನವೂ ಸದ್ದು ಮಾಡುವ ಹಾಗಿಲ್ಲ ಅನ್ನುವ ಕಟ್ಟಡಗಳಿವೆ. ನಮ್ಮ ಕೆಳಗಿನ ಮನೆಯವರು ಬಂದು ಬಾಗಿಲು ತಟ್ಟಿದ್ದಾರೆ.

ಹುಬ್ಬಳ್ಳಿ ಮಂದಿ
ಭಾನುವಾರ ಅಂಗಡಿನೂ ಬಂದ್ ನೋಡ್ರಿ ಇಲ್ಲಿ. ಶನಿವಾರ ಎಂಟರೊಳಗೆ ಎಲ್ಲಾ ತರಬೇಕು. ಮರೆತರೆ ರೈಲ್ವೆ ಸ್ಟೇಷನ್ನಿನ ಅಂಗಡಿಯೇ ಗತಿ.

ದಾವಣಗೆರೆ ದಂಪತಿ
ಮೂಲ ಪ್ರಶ್ನೆ ಸಮಯದ್ದು. ಎಲ್ಲರೂ ರುಚಿ ಹೇಳುತ್ತಿದ್ದೀರಿ, ಹೊತ್ತು ಹೇಗೆ ಉಳಿಸಬೇಕು ಅಂತ ಯಾರೂ ಹೇಳುತ್ತಿಲ್ಲ. ನಾವು ಮಾಡುವುದು ಇದು.

ಭಾನುವಾರ ಮಧ್ಯಾಹ್ನ ದೊಡ್ಡ ಕುಕ್ಕರ್‌ನಲ್ಲಿ ತೊಗರಿಬೇಳೆ ಬೇಯಿಸಿ, ಮಸೆದು, ಒಂದೊಂದು ಹೊತ್ತಿಗೆ ಬೇಕಾಗುವಷ್ಟು ಡಬ್ಬಿಗೆ ಹಾಕಿ ಫ್ರೀಜರ್‌ಗೆ. ಕಾಯಿ, ಹುರಿದ ಕೊತ್ತಂಬರಿ ಬೀಜ, ಮೆಣಸಿನಕಾಯಿ, ಕಡಲೆಬೇಳೆ ಒಟ್ಟಿಗೆ ಗಟ್ಟಿಯಾಗಿ ರುಬ್ಬಿ ಐಸ್ ತಟ್ಟೆಯಲ್ಲಿ ಹಾಕಿಡುತ್ತೇವೆ. ಗಟ್ಟಿಯಾದ ಮೇಲೆ ಬಿಲ್ಲೆ ತೆಗೆದು ಚೀಲಕ್ಕೆ. ಹುಣಸೆ ರಸವೂ ಹಾಗೇ. ವಾರದ ಸಂಜೆ ಮನೆಗೆ ಬಂದ ತಕ್ಷಣ ರೈಸ್ ಕುಕ್ಕರ್ ಒತ್ತುವುದು, ತರಕಾರಿ ಬೇಯಲು ಇಡುವುದು, ಬೆಂದ ಮೇಲೆ ಬೇಳೆ, ಎರಡು ಬಿಲ್ಲೆ ಮಸಾಲೆ, ಒಂದು ಬಿಲ್ಲೆ ಹುಣಸೆ. ಮಗು ಕೈಕಾಲು ತೊಳೆದು ಬಟ್ಟೆ ಬದಲಾಯಿಸುವಷ್ಟರಲ್ಲಿ ಹುಳಿ ಕುದಿಯುತ್ತಿರುತ್ತದೆ. ಒಗ್ಗರಣೆ ಮಾತ್ರ ಆಗಿಂದಾಗ. ಅದನ್ನೂ ಮೊದಲೇ ಮಾಡಿಟ್ಟರೆ ಘಮ ಇರುವುದಿಲ್ಲ.

ಇನ್ನೊಂದು ಗುಟ್ಟು. ಭಾರತದ ಅಂಗಡಿಯ ಫ್ರೀಜರ್‌ನಲ್ಲಿ ಸುರ್ತಿ ಪಾಪ್ಡಿ ಲಿಲ್ವಾ ಅಂತ ಗುಜರಾತಿನ ಹೆಸರಿನ ಪೊಟ್ಟಣ ಇರುತ್ತದೆ. ಅದು ನಮ್ಮ ಅವರೆಕಾಳು. ತುವರ್ ಲಿಲ್ವಾ ಅಂದರೆ ಹಸಿ ತೊಗರಿಕಾಳು. ನಮ್ಮವರು ಎಷ್ಟೋ ಜನ ಅದರ ಮುಂದೆಯೇ ಹಾದು ಹೋಗುತ್ತಾರೆ.

ಚನ್ನಪಟ್ಟಣದ ಸೊಸೆ
ಅವರೆಕಾಳು ಇಲ್ಲಿ ಸಿಗುತ್ತದಾ!! ಇಷ್ಟು ದಿನ ಯಾರೂ ಹೇಳಲಿಲ್ಲ. ಮ್ಯೂನಿಕ್‌ನಲ್ಲಿ ಯಾವ ಕಡೆ?

ಗಾಂಧಿಬಜಾರ್ ಹುಡುಗ
ಮುಖ್ಯ ರೈಲ್ವೆ ಸ್ಟೇಷನ್ನಿನ ದಕ್ಷಿಣಕ್ಕೆ, ಗೋಥೆ ರಸ್ತೆ, ಲಾಂಡ್‌ವೇರ್ ರಸ್ತೆ ಸುತ್ತ ಹೋಗಿ. ಆ ಬೀದಿಗಳಲ್ಲಿ ಟರ್ಕಿ, ಅರಬ್ ಅಂಗಡಿಗಳು ಸಾಲು ಸಾಲು. ಬೆಂಡೆಕಾಯಿ, ಕೊತ್ತಂಬರಿ ದೊಡ್ಡ ಕಟ್ಟು, ಬದನೆ, ಹಸಿಮೆಣಸು ಅಲ್ಲೇ. ಸೂಪರ್ ಮಾರ್ಕೆಟ್‌ನಲ್ಲಿ ಕೊತ್ತಂಬರಿಯನ್ನು ಕುಂಡದಲ್ಲಿಟ್ಟು ಮಾರುತ್ತಾರೆ, ಒಂದು ಚಟ್ನಿಗೂ ಸಾಲುವುದಿಲ್ಲ.

ಕಡಬದ ಕಾಯಿತುರಿ
ಅಕ್ಕಿಹಿಟ್ಟು ಕೊಳ್ಳುವಾಗ ಹುಷಾರು. ಮೂರು ತಲೆ ಆನೆ ಚಿತ್ರದ ಥಾಯ್ ಪೊಟ್ಟಣದಲ್ಲಿ ಕೆಂಪು ಬಣ್ಣದ್ದು ಮಾಮೂಲಿ ಅಕ್ಕಿ, ಹಸಿರು ಅಂಟಕ್ಕಿ. ಹಸಿರಿನದ್ದು ತಂದರೆ ರೊಟ್ಟಿ ತಟ್ಟಲು ಆಗುವುದೇ ಇಲ್ಲ.

ಬಸವನಗುಡಿ ಅಮ್ಮ
ಮಗ ಸೊಸೆ ಬರ್ಲಿನ್‌ನಲ್ಲಿದ್ದಾರೆ, ಮುಂದಿನ ತಿಂಗಳು ಹೋಗುತ್ತಿದ್ದೇನೆ. ಮನೆಯ ತುಪ್ಪ, ಕರಿಬೇವು, ತೆಂಗಿನಕಾಯಿ, ಸಾರಿನ ಪುಡಿ ತೆಗೆದುಕೊಂಡು ಹೋಗಬಹುದಾ ಮಕ್ಕಳೇ?

ನೀರುಗಂಟಿ
ಅಮ್ಮ, ತುಪ್ಪ ಬೇಡ. ಯೂರೋಪಿಯನ್ ಒಕ್ಕೂಟದ ಹೊರಗಿಂದ ಬರುವವರು ಹಾಲು, ಮಾಂಸದ ಪದಾರ್ಥ ತರುವ ಹಾಗಿಲ್ಲ. ಸಿಕ್ಕರೆ ಕಸಕ್ಕೆ ಹಾಕುತ್ತಾರೆ. ಕರಿಬೇವೂ ಬೇಡ. 2019ರ ಡಿಸೆಂಬರ್ 14ರಿಂದ ಹಸಿ ಸೊಪ್ಪು, ಹಣ್ಣು, ತರಕಾರಿಗೆ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ಐದಕ್ಕೆ ಮಾತ್ರ ವಿನಾಯಿತಿ: ಅನಾನಸ್, ತೆಂಗಿನಕಾಯಿ, ಬಾಳೆಹಣ್ಣು, ಖರ್ಜೂರ, ದುರಿಯನ್. ತೆಂಗಿನಕಾಯಿ ಧಾರಾಳವಾಗಿ ತನ್ನಿ. ಪುಡಿಗಳಿಗೆ ತೊಂದರೆ ಇಲ್ಲ, ಎರಡೆರಡು ಕವರ್ ಹಾಕಿ ಬಿಗಿಯಾಗಿ ಕಟ್ಟಿ.

ಬಸವನಗುಡಿ ಅಮ್ಮ
ತುಪ್ಪ ಅಲ್ಲೇ ಕಾಯಿಸಿ ಕೊಡುತ್ತೇನೆ ಬಿಡಪ್ಪ.

ತೀರ್ಥಹಳ್ಳಿ ಮಳೆ
ಇಲ್ಲಿಯ ಬೆಣ್ಣೆಯಲ್ಲಿ ತುಪ್ಪ ಬಹಳ ಚೆನ್ನಾಗಿ ಆಗುತ್ತದೆ ಅಮ್ಮ. ಉಪ್ಪಿಲ್ಲದ್ದು ತೆಗೆದುಕೊಳ್ಳಿ. ಕಾಯಿಸುವಾಗ ಎರಡು ವೀಳ್ಯದೆಲೆ ಸಿಗುವುದಿಲ್ಲ ಅನ್ನುವುದೊಂದೇ ಕೊರತೆ.

ಪ್ರಯೋಗಪ್ರಿಯ
ಅಂದಹಾಗೆ ಈಗ ರುಬಾರ್ಬ್ ಕಾಲ. ಕೆಂಪು ದಂಟು, ಬಲು ಹುಳಿ. ಇಲ್ಲಿಯವರು ಸಕ್ಕರೆ ಸುರಿದು ಕೇಕ್ ಮಾಡುತ್ತಾರೆ. ನಾನು ಬೆಲ್ಲ, ಮೆಂತ್ಯ, ಸಾರಿನ ಪುಡಿ ಹಾಕಿ ಗೊಜ್ಜು ಮಾಡುತ್ತೇನೆ. ಹುಣಸೆಹಣ್ಣೇ ಬೇಡ. ಎಲೆ ಮಾತ್ರ ತಿನ್ನಬಾರದು, ವಿಷ. ಜೂನ್ 24ರ ಹೊತ್ತಿಗೆ ಕೊಯ್ಲು ನಿಲ್ಲಿಸುವುದು ಇಲ್ಲಿಯ ರೂಢಿ, ಅಷ್ಟರೊಳಗೆ ಮಾಡಿ ನೋಡಿ.

ರೈನ್ ದಂಡೆ
ಇದು ನನಗೆ ಇಷ್ಟವಾಯಿತು. ನಾನು ಹೇಳಿದ್ದೂ ಇದನ್ನೇ. ಇಲ್ಲಿಯ ಮಣ್ಣಲ್ಲಿ ಬೆಳೆದದ್ದನ್ನು ತಿನ್ನಿ.

ಶಿರಸಿ ಕಡೆಯವಳು
ನೀವು ಹೇಳಿದ್ದು ಬ್ರೆಡ್. ನಾವು ಹೇಳುತ್ತಿರುವುದು ಇಲ್ಲಿಯ ತರಕಾರಿ, ನಮ್ಮ ಒಗ್ಗರಣೆ. ಎರಡೂ ಒಂದೇ ಅಲ್ಲ.

ಸ್ಟುಟ್‌ಗಾರ್ಟ್ ಸೋಮಣ್ಣ
ಇಲ್ಲಿಯವರ ಅಡುಗೆಯೂ ನಮಗೆ ಅಷ್ಟು ದೂರ ಇಲ್ಲ ಮಾರಾಯ್ರೆ. ನಮ್ಮ ಸ್ಟುಟ್‌ಗಾರ್ಟ್ ಕಡೆ ಲಿನ್ಸೆನ್ ಮಿಟ್ ಶ್ಪೆಟ್ಸ್‌ಲೆ ಅಂತ ಮಾಡುತ್ತಾರೆ. ಇಡೀ ಮಸೂರದ ಥರದ ಬೇಳೆಗೆ ವಿನೆಗರ್ ಹುಳಿ, ಜೊತೆಗೆ ಗೋಧಿ ಹಿಟ್ಟಿನ ಶ್ಯಾವಿಗೆ. ಮೇಲೆ ಸಾಸೇಜ್ ಇಡುತ್ತಾರೆ, ಬೇಡ ಅಂದರೆ ತೆಗೆದು ಕೊಡುತ್ತಾರೆ. ಆದರೆ ಬೇಳೆಯೊಳಗೇ ಹಂದಿಮಾಂಸದ ಚೂರು ಹಾಕುವ ಪದ್ಧತಿ ಇದೆ. ಸಸ್ಯಾಹಾರಿಗಳು ಮೊದಲೇ ಕೇಳಿ.

ಅಜ್ಜಂಪುರ
ಒಗ್ಗರಣೆ ವಾಸನೆಗೆ ಏನು ಮಾಡುತ್ತೀರಿ? ಟ್ರೈನಲ್ಲಿ ನನ್ನ ಜಾಕೆಟ್ ನನಗೇ ಇಂಗಿನ ವಾಸನೆ ಹೊಡೆಯುತ್ತದೆ.

ದಾವಣಗೆರೆ ದಂಪತಿ
ಜಾಕೆಟ್‌ಗಳನ್ನು ಬೀರುವಿನೊಳಗಿಟ್ಟು ಬಾಗಿಲು ಹಾಕಿ. ಅಡುಗೆಮನೆ ಬಾಗಿಲು ಮುಚ್ಚಿ, ಕಿಟಕಿ ಪೂರ್ತಿ ತೆಗೆದು ಒಗ್ಗರಣೆ ಹಾಕಿ, ಐದು ನಿಮಿಷ ಹಾಗೇ ಬಿಡಿ. ಚಳಿಗೆ ಹೆದರಿ ಕಿಟಕಿ ಮುಚ್ಚಿ ಅಡುಗೆ ಮಾಡಿದರೆ ಗೋಡೆಗೆ ಬೂಷ್ಟೂ ಹಿಡಿಯುತ್ತದೆ.

ತೀರ್ಥಹಳ್ಳಿ ಮಳೆ
ಕಿಟಕಿ ತೆಗೆಯಿರಿ, ಆದರೆ ನಾಚಿಕೆ ಪಡಬೇಡಿ. ಅವರ ಚೀಸ್ ವಾಸನೆಗೆ ನಾವು ಮೂಗು ಮುಚ್ಚಿಕೊಳ್ಳುತ್ತೇವಾ? ಮಕ್ಕಳ ಮುಂದೆ ನಮ್ಮ ಅಡುಗೆ ವಾಸನೆ ಅಂತ ಹೇಳುತ್ತಾ ಇದ್ದರೆ ನಾಳೆ ಅವರೇ ಡಬ್ಬಿ ತೆಗೆದುಕೊಂಡು ಹೋಗಲ್ಲ ಅನ್ನುತ್ತಾರೆ. ನಮ್ಮ ಮಗ ಚಿತ್ರಾನ್ನ ತೆಗೆದುಕೊಂಡು ಹೋಗುತ್ತಾನೆ. ಅವನ ಸ್ನೇಹಿತೆ ಕಡಲೆಬೀಜ ಆರಿಸಿ ತಿನ್ನುತ್ತಾಳಂತೆ.

ಸೂಕ್ಷ್ಮಾಣು
ಕಡಲೆಬೀಜ ಅಲರ್ಜಿ ಇರುವ ಮಕ್ಕಳಿರುತ್ತಾರೆ. ಶಾಲೆಯಲ್ಲಿ ಒಂದು ಮಾತು ಕೇಳಿ.

ತೀರ್ಥಹಳ್ಳಿ ಮಳೆ
ಕೇಳಿಯೇ ಕಳಿಸುವುದು. ಆದರೂ ಹೇಳಿದ್ದು ಒಳ್ಳೆಯದಾಯಿತು.

ಗಾಂಧಿಬಜಾರ್ ಹುಡುಗ
ಚಿತ್ರಾನ್ನ ಅಂದಾಗ ನೆನಪಾಯಿತು. ಮ್ಯೂನಿಕ್‌ನ ಬಿಯರ್ ಗಾರ್ಡನ್‌ಗಳಿಗೆ ಮನೆ ಊಟ ತೆಗೆದುಕೊಂಡು ಹೋಗಬಹುದು, ಗೊತ್ತಾ? 1812ರಲ್ಲಿ ಬವೇರಿಯಾದ ರಾಜ ಮೊದಲನೇ ಮ್ಯಾಕ್ಸಿಮಿಲಿಯನ್ ಜೋಸೆಫ್, ಬಿಯರ್ ಮಾಡುವವರು ತಮ್ಮ ನೆಲಮಾಳಿಗೆ ಪಕ್ಕದಲ್ಲೇ ಬಿಯರ್ ಮಾರಬಹುದು, ಆದರೆ ಬ್ರೆಡ್ ಬಿಟ್ಟು ಬೇರೆ ತಿಂಡಿ ಮಾರುವಂತಿಲ್ಲ ಅಂತ ಆಜ್ಞೆ ಮಾಡಿದ. ಜನ ಮನೆಯಿಂದ ಬುತ್ತಿ ತರಲು ಶುರು ಮಾಡಿದರು. ಆ ರೂಢಿ ಇವತ್ತಿಗೂ ಇದೆ. ಕುಡಿಯುವುದನ್ನು ಮಾತ್ರ ಅಲ್ಲೇ ಕೊಳ್ಳಬೇಕು. ಬಿಯರ್ ಬೇಡವಾದರೆ ಸೇಬಿನ ರಸಕ್ಕೆ ಸೋಡಾ ಹಾಕಿದ್ದು ಸಿಗುತ್ತದೆ. ಮೇಜಿನ ಮೇಲೆ ಬಟ್ಟೆ ಹಾಸಿದ್ದರೆ ಅಲ್ಲಿ ಕೂರಬೇಡಿ, ಅದು ಅವರ ಊಟ ತರಿಸಿಕೊಳ್ಳುವವರಿಗೆ.

ಬೇಸಗೆಯಲ್ಲಿ ನಾವು ಕೆಲವರು ಇಂಗ್ಲಿಷ್ ಗಾರ್ಡನ್‌ನ ಚೈನೀಸ್ ಟವರ್ ಹತ್ತಿರ ಮರದಡಿ ಕೂತು ಪುಳಿಯೋಗರೆ, ಮೊಸರನ್ನ ಬಿಚ್ಚುತ್ತೇವೆ. ಪಕ್ಕದ ಮೇಜಿನ ಅಜ್ಜ ಮೂಲಂಗಿಯನ್ನು ಸುರುಳಿ ಸುರುಳಿಯಾಗಿ ಕೊಯ್ದು ಉಪ್ಪು ಸವರಿ ತಿನ್ನುತ್ತಿದ್ದರು. ನಮ್ಮ ಉಪ್ಪಿನಕಾಯಿಗೆ ಅವರ ಮೂಲಂಗಿ ಸೇರಿತು. ಇಬ್ಬರಿಗೂ ಭಾಷೆ ಅಷ್ಟಕ್ಕಷ್ಟೇ, ಊಟ ಮಾತ್ರ ಜೋರಾಗಿ ನಡೆಯಿತು.

ಮಂಡ್ಯ ಮುದ್ದೆ
ಮುಂದಿನ ಸಲ ಕರೀರಿ. ನಾನು ನ್ಯೂರೆಂಬರ್ಗ್‌ನಿಂದ ಬರುತ್ತೇನೆ, ಕೋಡುಬಳೆ ತರುತ್ತೇನೆ.

ಓಕ್ ಟ್ರೀ ರೋಡ್
ಕಾಫಿ ಬಗ್ಗೆ ಯಾರೂ ಮಾತೇ ಆಡಿಲ್ಲ?!

ಕಡಬದ ಕಾಯಿತುರಿ
ಕಾಫಿಗೆ ಬೇರೆ ಎಳೆಯೇ ಬೇಕಾಗುತ್ತದೆ, ಇಲ್ಲಿ ಶುರು ಮಾಡಬೇಡಿ.

ಚನ್ನಪಟ್ಟಣದ ಸೊಸೆ
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಫಿಲ್ಟರ್ ನೀರಿನಲ್ಲಿ ಬೇಳೆ ನೆನೆಸಿ ಬೇಯಿಸಿದೆ. ಹಸುಗೂಸಿಗೆ ತಿನ್ನಿಸುವಷ್ಟು ನುಣ್ಣಗೆ ಆಯಿತು. ಶನಿವಾರ ಗೋಥೆ ರಸ್ತೆಗೆ ಹೋಗಿ ಅವರೆಕಾಳು ತಂದೆವು. ರೈನ್ ದಂಡೆಯವರ ಮಾತನ್ನೂ ತೆಗೆದುಹಾಕಿಲ್ಲ. ವಾರಕ್ಕೆ ಎರಡು ರಾತ್ರಿ ಬ್ರೆಡ್, ಉಳಿದ ದಿನ ನಮ್ಮ ಊಟ ಅಂತ ಮನೆಯಲ್ಲಿ ಮಾತಾಡಿಕೊಂಡಿದ್ದೇವೆ. ಬ್ರೆಡ್ ದಿನ ಯಜಮಾನರಿಗೆ ಪಕ್ಕದಲ್ಲಿ ಒಂದು ಬಟ್ಟಲು ಸಾರು ಇರುತ್ತದೆ.

ರೈನ್ ದಂಡೆ
ರೈ ಬ್ರೆಡ್ಡಿಗೆ ಟೊಮೆಟೊ ಸಾರು ಚೆನ್ನಾಗಿಯೇ ಹೊಂದುತ್ತದೆ. ಅದ್ದಿ ತಿನ್ನಲು ಹೇಳಿ.

ಹುಬ್ಬಳ್ಳಿ ಮಂದಿ
ನನ್ನದೂ ಒಂದು ಪ್ರಶ್ನೆ ಐತ್ರಿ. ಇಲ್ಲಿ ತಂದ ಜೋಳದ ಹಿಟ್ಟಿನಲ್ಲಿ ರೊಟ್ಟಿ ಬಡಿದರೆ ಅಂಚು ಸೀಳುತ್ತದೆ. ಏನು ಮಾಡಲಿ?

ದಾವಣಗೆರೆ ದಂಪತಿ
ಹಿಟ್ಟು ಹಳೆಯದಾದರೆ ಜಿಗುಟು ಹೋಗಿರುತ್ತದೆ. ಕುದಿಯುವ ನೀರು ಹಾಕಿ ಮುಚ್ಚಿಡಿ, ಕೈ ತಡೆಯುವಷ್ಟು ಬಿಸಿ ಇರುವಾಗಲೇ ಚೆನ್ನಾಗಿ ನಾದಿ. ಒಂದೊಂದೇ ರೊಟ್ಟಿಗೆ ಬೇಕಾಗುವಷ್ಟು ಹಿಟ್ಟು ತೆಗೆದು ಮತ್ತೆ ನಾದಿ ಬಡಿಯಿರಿ. ಆದರೂ ಸೀಳಿದರೆ ಜೋಳ ತಂದು ಮಿಕ್ಸಿಯಲ್ಲೇ ಬೀಸಿಕೊಳ್ಳಿ. ಸ್ವಲ್ಪ ಸ್ವಲ್ಪವೇ ಹಾಕಿ, ಮಿಕ್ಸಿ ಬಿಸಿಯಾಗದ ಹಾಗೆ ನೋಡಿಕೊಳ್ಳಿ, ಸಣ್ಣ ಜರಡಿ ಹಿಡಿಯಿರಿ.

ಹುಬ್ಬಳ್ಳಿ ಮಂದಿ
ಇಡೀ ಜೋಳ ಎಲ್ಲಿ ಸಿಗುತ್ತದೆ?

ಗಾಂಧಿಬಜಾರ್ ಹುಡುಗ
ಗೋಥೆ ರಸ್ತೆ ಕಡೆ ನೋಡಿಲ್ಲ. ಆಫ್ರಿಕಾದವರ ಅಂಗಡಿಯಲ್ಲಿ ಕೇಳಿ, ಅವರೂ ಜೋಳ ಬಳಸುತ್ತಾರೆ. ಬಿಳಿಯದ್ದೇ ಬೇಕು ಅಂತ ಹೇಳಿ, ಕೆಂಪು ಜೋಳವೂ ಇರುತ್ತದೆ.